ಫೋಟೋದ ಮೂರನೇ ಪ್ರತಿ

ನಾನು ಚಿಕ್ಕಬಳ್ಳಾಪುರದ ಡಿಪೋಗೆ ಗುಮಾಸ್ತನಾಗಿ ಸೇರಿದ್ದು ಐವತ್ತರ ದಶಕದ ನಡುಭಾಗದಲ್ಲಿ. ಕಂಪನಿ ಇಂಗ್ಲೆಂಡಿನವರದು. ಮಾರುತ್ತಿದ್ದದ್ದು ಟೀ ಪುಡಿ. ಯಜಮಾನರು ಲಂಡನ್ನಿನಲ್ಲಿದ್ದರು, ಅವರ ಕೆಳಗಿನವರು ಕಲ್ಕತ್ತೆಯಲ್ಲಿ, ಅವರಿಗೂ ಕೆಳಗಿನವರು ಮದರಾಸಿನಲ್ಲಿ. ಮದರಾಸಿನಿಂದ ಮೇಲಿನ ಒಬ್ಬರನ್ನೂ ನಮ್ಮಲ್ಲಿ ಯಾರೂ ಕಂಡಿರಲಿಲ್ಲ. ಆದರೆ ಅವರು ಬರೆದ ಕಾಗದಗಳು ಮಾತ್ರ ವಾರವಾರವೂ ಬರುತ್ತಿದ್ದವು. ಸೇಲ್ಸ್‌ಮನ್ ಟೋಪಿಯನ್ನು ಹೇಗೆ ಹಾಕಿಕೊಳ್ಳಬೇಕು, ಜ್ವರ ಬಂದರೆ ಎಷ್ಟು ದಿನ ರಜೆ, ಗಡ್ಡ ಬಿಡಬಹುದೇ ಬಿಡಬಾರದೇ, ಎಲ್ಲಕ್ಕೂ ಒಂದೊಂದು ಸುತ್ತೋಲೆ.

ನಮ್ಮ ಕಡೆ ಆಗ ಮನೆಯಲ್ಲಿ ಟೀ ಕುಡಿಯುವವರು ಕಡಿಮೆ. ಚಿಕ್ಕಬಳ್ಳಾಪುರ, ಶಿಡ್ಲಘಟ್ಟ, ಚಿಂತಾಮಣಿ, ಗೌರಿಬಿದನೂರುಗಳಲ್ಲಿ ನಮ್ಮ ಸೇಲ್ಸ್‌ಮನ್‌ಗಳು ಖಾಕಿ ಬಟ್ಟೆ ತೊಟ್ಟು, ಕಂಪನಿಯ ಕೈಗಾಡಿ ತಳ್ಳಿಕೊಂಡು, ಸಂತೆಗಳಲ್ಲಿ ಟೀ ಕಾಯಿಸಿ ಪುಕ್ಕಟೆ ಕುಡಿಸಿ ರುಚಿ ಹತ್ತಿಸುತ್ತಿದ್ದರು. ನನಗೆ ಆ ವ್ಯಾಪಾರದಲ್ಲಿ ಪಾಲಿರಲಿಲ್ಲ. ನನ್ನ ಪಾಲಿಗೆ ಬಂದದ್ದು ಅವರ ಹಾಜರಿ, ರಜೆ, ಬಟ್ಟೆ, ಕಾಯಿಲೆ, ವರ್ಗಾವಣೆ. ಚಿಂತಾಮಣಿ ಹತ್ತಿರದ ರೈತರ ಮನೆಯ ಹುಡುಗನಾದ ನನಗೆ ಎಂಟು ಜನ ಗಂಡಸರ ವಿಷಯವೆಲ್ಲ ನನ್ನ ಬೀರುವಿನಲ್ಲಿದೆ ಎನ್ನುವುದೇ ಒಂದು ದೊಡ್ಡಸ್ತಿಕೆ.

ಸೇರಿದ ಎರಡನೇ ವರ್ಷ ಮದರಾಸಿನಲ್ಲಿ ನೌಕರರ ವಿಷಯ ನೋಡುವ ಪರ್ಸನೆಲ್ ಡಿಪಾರ್ಟ್‌ಮೆಂಟಿನಿಂದ ಒಂದು ಕಟ್ಟು ಬಂತು. ತಿಳಿ ಹಸಿರು ಬಣ್ಣದ ದಪ್ಪ ಕಾರ್ಡುಗಳು, ಒಬ್ಬೊಬ್ಬ ನೌಕರನಿಗೆ ಎರಡೆರಡು, ಒಂದು ಮದರಾಸಿಗೆ, ಒಂದು ಡಿಪೋಗೆ. ಹೆಸರು, ತಂದೆಯ ಹೆಸರು, ಹುಟ್ಟಿದ ಊರು, ಓದು, ಒಡಹುಟ್ಟಿದವರು ಎಷ್ಟು ಜನ, ಅವರಲ್ಲಿ ಬದುಕಿರುವವರು ಎಷ್ಟು, ಮೈಮೇಲಿನ ಎರಡು ಗುರುತು, ಎಡಗೈ ಹೆಬ್ಬೆಟ್ಟು, ಫೋಟೋ. ಶಿಡ್ಲಘಟ್ಟದ ಸೇಲ್ಸ್‌ಮನ್ ತನ್ನ ಬೆನ್ನ ಮೇಲಿನ ಮಚ್ಚೆ ತೋರಿಸಲು ಅಂಗಿ ಬಿಚ್ಚಿ, “ನನ್ ಹೆಂಡ್ತಿಗೂ ಇದು ಗೊತ್ತಿಲ್ಲ ಸಾರ್, ಲಂಡನ್‌ನೋರಿಗೆ ಯಾಕೆ ಬೇಕು?” ಎಂದು ನಗಿಸಿದ್ದ. ನಾನು ಮಾತ್ರ ಗಂಭೀರವಾಗಿ ಅಳತೆ ಪಟ್ಟಿ ಹಿಡಿದು ಬರೆದುಕೊಂಡೆ.

ಗೌರಿಬಿದನೂರು ಮತ್ತು ಮಂಚೇನಹಳ್ಳಿಯ ಸುತ್ತಿನ ಸೇಲ್ಸ್‌ಮನ್ ಆ ಎಂಟು ಜನರಲ್ಲೇ ಚಿಕ್ಕವನು. ಅವನ ಹೆಸರನ್ನು ನಾನಿಲ್ಲಿ ಬರೆಯುವುದಿಲ್ಲ. ಬರೆಯಬೇಕೆಂದರೂ ಯಾವ ಹೆಸರು ಬರೆಯಲಿ ಎನ್ನುವುದು ಕಷ್ಟ. ಎತ್ತರದ ಆಳು, ಮಾತು ಕಡಿಮೆ, ಕೆಲಸದಲ್ಲಿ ಎಲ್ಲರಿಗಿಂತ ಮುಂದು. ಮಂಡಿಕಲ್ ಹತ್ತಿರದ ಒಂದು ಹಳ್ಳಿಯವನು. ಅವನ ಎಸ್‌ಎಸ್‌ಎಲ್‌ಸಿ ಪುಸ್ತಕದಲ್ಲಿ ಗುರುತು ಎಂದು ಬರೆದಿದ್ದದ್ದು, ಬಲ ಹುಬ್ಬಿನ ಮೇಲೆ ಹಳೆಯ ಗಾಯದ ಕಲೆ. ನಾನು ಬಗ್ಗಿ ನೋಡಿದೆ. ಕಲೆ ಇತ್ತು. ಆದರೆ ಹಳೆಯ ಗಾಯದ ಹಾಗೆ ಚರ್ಮದ ಬಣ್ಣಕ್ಕೆ ಕೂಡಿರಲಿಲ್ಲ, ಇನ್ನೂ ಕೆಂಪಿನ ಛಾಯೆ ಉಳಿದಿತ್ತು. ನಾನು ಬೆರಳು ಹತ್ತಿರ ಒಯ್ದಾಗ ಅವನು ಕಣ್ಣು ಮುಚ್ಚಿಕೊಂಡ. ಸರಿ ಎಂದು ಬರೆದೆ.

ಪೇಟೆಯ ಸ್ಟುಡಿಯೋದಲ್ಲಿ ಎಲ್ಲರಿಗೂ ಫೋಟೋ ತೆಗೆಸಿದ್ದೆವು. ಹಿಂದೆ ಹೂಬಳ್ಳಿಯ ಪರದೆ, ಮೈಮೇಲೆ ಕಂಪನಿಯ ಖಾಕಿ, ಎದೆಯ ಮೇಲೆ ಹಿತ್ತಾಳೆಯ ಬಿಲ್ಲೆ. ಆಫೀಸಿಗೆ ಎರಡು ಪ್ರತಿ ಸಾಕಿತ್ತು. ಇವನೊಬ್ಬ ಮಾತ್ರ ಸಂಕೋಚದಿಂದ, “ಸಾರ್, ಮೂರ್ನೇದೊಂದು ನನಗೆ ಹಾಕಿಸಿಕೊಡ್ತೀರಾ? ಮನೇಲಿ ಅಮ್ಮಂಗೆ ಕೊಡ್ತೀನಿ,” ಎಂದ. ಹಾಕಿಸಿಕೊಟ್ಟೆ.

ಕೆಲಸ ಖಾಯಂ ಮಾಡುವ ಮೊದಲು ಊರಿಗೆ ಹೋಗಿ ವಿಚಾರಿಸಿ ಬರಬೇಕು, ಊರಿನ ಇಬ್ಬರು ತಿಳಿದವರ ರುಜು ತರಬೇಕು, ನೌಕರನಿಗೆ ಮುಂಚೆ ಹೇಳಬಾರದು. ಇದು ಮದರಾಸಿನ ಕಟ್ಟಪ್ಪಣೆ. ಏಳು ಜನರ ಊರು ಮುಗಿಸಿ, ಕೊನೆಗೆ ಉಳಿದಿದ್ದ ಇವನ ಊರಿಗೆ ನಾನು ಹೊರಟದ್ದು ಪಿತೃಪಕ್ಷದ ಅಮಾವಾಸ್ಯೆಯ ದಿನ. ಹಬ್ಬವೆಂದು ಗೊತ್ತಿದ್ದೂ ಹೊರಟೆ, ವರದಿ ಕಳಿಸುವ ಗಡುವು ಮುಗಿಯುತ್ತಿತ್ತು.

ಪೆರೇಸಂದ್ರದಲ್ಲಿ ಬಸ್ಸಿಳಿದು ನಡೆದೆ. ಒಳ್ಳೆಯ ಬಿಸಿಲು. ಎರಡೂ ಕಡೆ ರಾಗಿ ತೆನೆಗಟ್ಟುತ್ತಿತ್ತು. ಹಬ್ಬವಾದ್ದರಿಂದ ಹೊಲಗಳಲ್ಲಿ ಒಂದು ನರಪಿಳ್ಳೆಯೂ ಇರಲಿಲ್ಲ. ಊರ ಬಾಗಿಲ ಅರಳಿಕಟ್ಟೆಯ ಮೇಲೆ ಒಬ್ಬ ಮುದುಕರು ಕೂತಿದ್ದರು. “ಎವುರು ಕಾವಾಲಪ್ಪ?” ಎಂದು, ಯಾರು ಬೇಕೆಂದು ತೆಲುಗಿನಲ್ಲಿ ಕೇಳಿ, ನಾನು ಕನ್ನಡದಲ್ಲಿ ಹೇಳಿದ ಮೇಲೆ ಕನ್ನಡಕ್ಕೆ ಬಂದರು.

“ಓ, ಅವ್ನಾ? ದೊಡ್ಡೋನೇ ಕಂಪ್ನೀಲಿರೋದು. ಚಿಕ್ಕೋನು ಜ್ವರ ಬಂದು ಹೋಗ್ಬಿಟ್ಟ.”

ನಾನು ಚಿಕ್ಕವನ ಬಗ್ಗೆ ಕೇಳಿರಲಿಲ್ಲ. ಅಲ್ಲಿಂದ ಪಟೇಲರ ಮನೆಗೆ ಹೋದೆ. ಅವರು ನನ್ನ ಕಾಗದ ನೋಡಿ, ರುಜು ಹಾಕಲು ಲೇಖನಿ ತೆಗೆದುಕೊಳ್ಳುತ್ತಾ ಹೇಳಿದರು: “ದೊಡ್ಡೋನೇ ಕಂಪ್ನೀಲಿರೋದು. ಚಿಕ್ಕೋನು ಜ್ವರ ಬಂದು ಹೋಗ್ಬಿಟ್ಟ.” ಅದೇ ಮಾತು, ಅದೇ ರಾಗ. ಎರಡನೇ ರುಜುವಿಗಾಗಿ ಶಾಲೆಯ ಮೇಷ್ಟ್ರನ್ನು ಹುಡುಕಿದೆ. ಮೇಷ್ಟ್ರು ಬೇರೆ ಊರಿನವರು, ಪಟ್ಟಣದಲ್ಲಿ ಓದಿದವರು. ಅವರೂ ರುಜು ಹಾಕಿ, ಮಸಿ ಆರಲೆಂದು ಊದುತ್ತಾ, ನನ್ನ ಮುಖ ನೋಡದೆ ಅದನ್ನೇ ಅಂದರು. ಊರವರೆಲ್ಲ ಕೂತು ಒಂದೇ ಪಾಠ ಬಾಯಿಪಾಠ ಮಾಡಿದ ಹಾಗಿತ್ತು.

ರುಜು ಎರಡೂ ಸಿಕ್ಕಿದ್ದವು, ವಾಪಸು ಬರಬಹುದಿತ್ತು. ಆದರೆ ಹಬ್ಬದ ದಿನ ಊರಿಗೆ ಬಂದವನು ಮನೆಗೆ ಹೋಗದೆ ಹೊರಟರೆ ತಪ್ಪಾಗುತ್ತದೆ ಎಂದು ಪಟೇಲರೇ ದಾರಿ ತೋರಿಸಿದರು. ಹೆಂಚಿನ ಮನೆ, ಮುಂದೆ ಕಲ್ಲಿನ ಜಗಲಿ. ಬಾಗಿಲಲ್ಲಿ ನಿಂತಿದ್ದ ತಾಯಿ ನಾನು ಕಂಪನಿಯವನೆಂದು ತಿಳಿದ ಕೂಡಲೇ ಕಾಲಿಗೆ ನೀರು ಕೊಟ್ಟರು.

“ಬಾರಪ್ಪ, ಬಾ. ಹಿರಿಯರ ಹಬ್ಬದ ದಿನ ಬಂದಿದ್ದೀಯ, ಉಂಡ್ಕೊಂಡೇ ಹೋಗ್ಬೇಕು.”

ಒಳಗೆ ನಡುಮನೆಯ ಗೋಡೆಗೆ ಒತ್ತಿ ಎರಡು ಬಾಳೆ ಎಲೆ ಹಾಸಿದ್ದರು. ಒಂದರ ಮುಂದೆ ಹೊಸ ಪಂಚೆ, ಅದು ಅವರ ಗಂಡನಿಗೆ. ಇನ್ನೊಂದರ ಮುಂದೆ ಹೊಸ ಅಂಗಿ, ಅದರ ಹಿಂದೆ ಗೋಡೆಗೆ ಒರಗಿಸಿದ ಒಂದು ಫೋಟೋ. ಚೆಂಡುಹೂವಿನ ಹಾರ, ಗಾಜಿನ ಮೇಲೆ ಕುಂಕುಮ. ಹೊರಗಿನ ಬೆಳಕಿನಿಂದ ಬಂದವನಿಗೆ ಕಣ್ಣು ಹೊಂದಲು ಸ್ವಲ್ಪ ಹೊತ್ತು ಹಿಡಿಯಿತು. ಹೂಬಳ್ಳಿಯ ಪರದೆ ಕಂಡಿತು. ಖಾಕಿ ಕಾಲರು ಕಂಡಿತು. ಹಿತ್ತಾಳೆಯ ಬಿಲ್ಲೆ ಕಂಡಿತು. ಆ ಫೋಟೋವನ್ನು ಎರಡು ಕಾರ್ಡುಗಳಿಗೆ ನನ್ನ ಕೈಯಾರೆ ಅಂಟಿಸಿದ್ದೆ.

“ಇದು ಯಾರಮ್ಮ?” ಎಂದೆ.

“ನನ್ನ ಚಿಕ್ಕ ಮಗ ಕಣಪ್ಪ,” ಎಂದು ಆಕೆ ಸೆರಗಿನಿಂದ ಕಣ್ಣು ಒತ್ತಿಕೊಂಡರು. “ಹನ್ನೆರಡು ದಿನ ಜ್ವರ. ಇದ್ದಿದ್ರೆ ಅವನೂ ಅಣ್ಣನ ಹಂಗೇ ಕಂಪ್ನಿಗೆ ಬರ್ತಿದ್ದ.”

ಆಮೇಲೆ ಹಿತ್ತಲ ಕಡೆ ತಿರುಗಿ ಒಂದು ಹೆಸರು ಹಿಡಿದು ಕೂಗಿದರು. ನಮ್ಮ ಕಾರ್ಡಿನಲ್ಲಿದ್ದ ಹೆಸರು. ಸ್ನಾನ ಮಾಡಿ ಒದ್ದೆ ಪಂಚೆಯಲ್ಲಿ, ಕೈಯಲ್ಲಿ ಸಾರಿನ ಪಾತ್ರೆ ಹಿಡಿದುಕೊಂಡು, ನಮ್ಮ ಸೇಲ್ಸ್‌ಮನ್ ಒಳಗೆ ಬಂದ. ಹಬ್ಬಕ್ಕೆಂದು ಅವನು ರಜೆ ಹಾಕಿದ್ದು ನನಗೆ ಗೊತ್ತಿತ್ತು, ಆ ಚೀಟಿಗೆ ನಾನೇ ಮುದ್ರೆ ಒತ್ತಿದ್ದೆ. ಆದರೂ ಹಾರ ಹಾಕಿದ ಮುಖದ ಪಕ್ಕದಲ್ಲಿ ಅದೇ ಮುಖ ನಿಂತು ನನ್ನನ್ನು ನೋಡಿದಾಗ ನಾನು ಗೋಡೆ ಹಿಡಿದುಕೊಂಡೆ.

ಅವನು ಬಗ್ಗಿ ಎರಡೂ ಎಲೆಗೆ ಬಡಿಸಿದ. ಮುದ್ದೆ, ಕೋಳಿ ಸಾರು, ಕಜ್ಜಾಯ. ಅವನ ಫೋಟೋದ ಮುಂದಿನ ಎಲೆಗೆ ತಾಯಿ ಇನ್ನೊಂದು ಕಜ್ಜಾಯ ಹಾಕಿಸಿದರು. “ಅವನಿಗೆ ಇದಂದ್ರೆ ಪ್ರಾಣ.” ಒಂದು ಲೋಟ ಹಾಲು ಇಟ್ಟರು. ನಮ್ಮಲ್ಲೂ ಇರುವ ಪದ್ಧತಿಯಂತೆ, ಹಿರಿಯರು ಬಂದು ಉಣ್ಣಲಿ ಎಂದು ಎಲ್ಲರೂ ಹೊರಗೆ ಬಂದು ಬಾಗಿಲು ಮುಚ್ಚಿದೆವು.

ಜಗಲಿಯ ಮೇಲೆ ಮೂವರೇ ಕೂತೆವು. ಬೀದಿಯ ಎಲ್ಲ ಮನೆಗಳ ಬಾಗಿಲೂ ಅದೇ ಹೊತ್ತಿಗೆ ಮುಚ್ಚಿದ್ದವು. ಎಲ್ಲ ಜಗಲಿಗಳ ಮೇಲೂ ಜನ ಸುಮ್ಮನೆ ಕೂತಿದ್ದರು, ಮಕ್ಕಳೂ ಮಾತಾಡುತ್ತಿರಲಿಲ್ಲ. ಹೆಂಚಿನ ಮೇಲೆ ಒಂದು ಕಾಗೆ ಓಡಾಡುವುದು ಕೇಳುತ್ತಿತ್ತು. ಆಗ ಒಳಗೆ ಲೋಟ ಉರುಳಿದ ಸದ್ದಾಯಿತು. ನಾನು ಎದ್ದುಬಿಟ್ಟೆ. ತಾಯಿ ನನ್ನ ತೋಳು ಹಿಡಿದು ಕೂರಿಸಿದರು.

“ಉಣ್ತಾವ್ನೆ. ಸದ್ದು ಮಾಡ್ಬೇಡಪ್ಪ.”

ಪಕ್ಕದಲ್ಲಿ ಕೂತಿದ್ದ ಸೇಲ್ಸ್‌ಮನ್ ಉಸಿರು ಬಿಗಿಹಿಡಿದಿದ್ದ. ಅವನ ಕೈ ಕಜ್ಜಾಯದ ಎಣ್ಣೆ ಅಂಟಿಕೊಂಡು ಹೊಳೆಯುತ್ತಿತ್ತು. ಬಾಗಿಲು ತೆಗೆದಾಗ ಲೋಟ ಉರುಳಿತ್ತು, ನೆಲದ ಮೇಲೆ ಚೆಲ್ಲಿದ್ದ ಹಾಲು ಒಂದು ಗುಟುಕಿನಷ್ಟೇ ಇತ್ತು. ಬೆಕ್ಕು ಎಲ್ಲಿಂದಲಾದರೂ ನುಗ್ಗಿರಬಹುದು. ನಾನು ಬೆಕ್ಕನ್ನು ಕಾಣಲಿಲ್ಲ. ಆ ಮನೆಯಲ್ಲಿ ಉಂಡೆ. ಏನು ಉಂಡೆ ಎಂದು ಕೇಳಿದರೆ ಹೇಳಲಾರೆ.

ಪೆರೇಸಂದ್ರದವರೆಗೆ ಅವನು ನನ್ನ ಜೊತೆ ನಡೆದು ಬಂದ. ಅರ್ಧ ದಾರಿಯಲ್ಲಿ ಒಂದು ಹುಣಸೆ ಮರದ ಕೆಳಗೆ ನಿಂತು ತಾನಾಗಿಯೇ ಹೇಳಿದ.

ಎಸ್‌ಎಸ್‌ಎಲ್‌ಸಿ ಪಾಸಾದವನು, ಕಂಪನಿಗೆ ಅರ್ಜಿ ಹಾಕಿದವನು, ಸಂದರ್ಶನಕ್ಕೆ ಹೋಗಿ ಆಯ್ಕೆಯಾದವನು ಅವನ ಅಣ್ಣ. ಇವನು ಏಳನೇ ಕ್ಲಾಸಿಗೆ ಬಿಟ್ಟವನು. ಕೆಲಸಕ್ಕೆ ಬರಹೇಳಿ ಕಾಗದ ಬಂದ ವಾರದಲ್ಲೇ ಅಣ್ಣನಿಗೆ ಜ್ವರ ಹಿಡಿಯಿತು. ಹನ್ನೆರಡನೇ ದಿನ ತೀರಿಹೋದ. ಆಯ್ಕೆ ಮಾಡಿದ್ದ ಡಿಪೋದ ಹಳೆಯ ಸೂಪರಿಂಟೆಂಡೆಂಟರಿಗೆ ಅಷ್ಟರಲ್ಲಿ ವರ್ಗವಾಗಿತ್ತು.

“ಮಣ್ಣು ಮಾಡಿ ಬಂದ್ವಿ ಸಾರ್. ಅಮ್ಮ ಅಲ್ಲೀವರೆಗೂ ಅತ್ತಿರಲಿಲ್ಲ. ನನ್ನ ಒಳಕ್ಕೆ ಕರ್ಕೊಂಡು ಹೋಗಿ ಅಣ್ಣನ ಅಂಗಿ ಹಾಕಿದ್ಲು. ಅಣ್ಣನ ಹೆಸರು ಹೇಳಿ, ಸೋಮವಾರ ಕೆಲಸಕ್ಕೆ ಹೋಗ್ಬೇಕು ಕಣಪ್ಪ ನೀನು ಅಂದ್ಲು. ಆಮೇಲೆ ಹೊರಗೆ ಬಂದು, ಬೀದೀಲಿ ಕೂತು, ನನ್ನ ಹೆಸರು ಹಿಡಿದು ಅತ್ಲು.”

“ಊರವರು?”

“ಮೊದಲು ಸುಮ್ನಿದ್ರು. ಆಮೇಲೆ ಅವರೂ ಹಂಗೇ ಕರೆದ್ರು. ಅಮ್ಮನ ಮುಂದೆ ಬೇರೆ ಥರ ಹೇಳೋಕೆ ಯಾರಿಗೆ ಧೈರ್ಯ ಬರುತ್ತೆ ಸಾರ್?”

ಹುಬ್ಬಿನ ಕಲೆಯನ್ನು ಕೇಳಿದೆ. “ಅಮ್ಮನೇ ಹಾಕಿದ್ದು. ಕುಡುಗೋಲಿನ ತುದೀಲಿ. ಅಲ್ಲಾಡ್ಬೇಡ, ಎಲ್ಲಿತ್ತೋ ಅಲ್ಲೇ ಬರ್ಬೇಕು ಅಂದ್ಲು.” ಅವನು ಅದನ್ನು ಮುಟ್ಟಿಕೊಂಡ. “ಕೆಲಸಕ್ಕೋಸ್ಕರ ಹಿಂಗೆ ಮಾಡ್ತಾಳೆ ಅನ್ಕೊಂಡಿದ್ದೆ. ವರ್ಷದ ತಿಥಿಗೆ ಬಂದಾಗ ನನ್ನ ಹೆಸರಲ್ಲೇ ಎಡೆ ಇಡಿಸಿದ್ಲು. ನನ್ನ ತಿಥಿ ನಾನೇ ಮಾಡ್ದೆ ಸಾರ್. ಈಗ ಆ ಫೋಟೋನ ಖುಷಿಯಾಗಿ ನೋಡ್ಲಿ ಅಂತ ತಂದುಕೊಟ್ರೆ, ಹೋದ ವಾರ ಬಂದಾಗ ಅದಕ್ಕೆ ಹಾರ ಹಾಕಿದ್ಲು.”

“ಅವರಿಗೆ ನಿಜ ಗೊತ್ತಿಲ್ಲವೇ?”

“ನಂಗೂ ಗೊತ್ತಾಗಲ್ಲ ಸಾರ್. ಒಂದೊಂದು ಸಲ ನನ್ನ ಮುಖ ನೋಡ್ತಾ ಹಂಗೇ ನಿಂತ್ಬಿಡ್ತಾಳೆ. ಈಗೇನೋ ಹೇಳ್ತಾಳೆ ಅನ್ಕೋತೀನಿ. ಏನೂ ಹೇಳಲ್ಲ, ಒಳಕ್ಕೆ ಹೋಗ್ತಾಳೆ.”

ಬಸ್ಸು ಬರುವವರೆಗೆ ಅವನು ನನ್ನನ್ನು ಏನೂ ಬೇಡಲಿಲ್ಲ. ಬೇಡಿದ್ದರೆ ಬಹುಶಃ ನಾನು ಕಟ್ಟುನಿಟ್ಟಾಗುತ್ತಿದ್ದೆ. ಮರುದಿನ ಡಿಪೋದಲ್ಲಿ ಕೂತು, ಎರಡು ರುಜುಗಳಿದ್ದ ಕಾಗದದ ಕೆಳಗೆ ‘ವಿಚಾರಿಸಿದೆ, ಎಲ್ಲ ಸರಿಯಿದೆ’ ಎಂದು ಇಂಗ್ಲಿಷಿನಲ್ಲಿ ಟೈಪು ಮಾಡಿದೆ. ಕರುಣೆಯಿಂದ ಮಾಡಿದೆ ಎಂದು ಹೇಳಿಕೊಳ್ಳಲು ಇಷ್ಟವಾಗುತ್ತದೆ. ನಿಜ ಹೇಳಬೇಕೆಂದರೆ ಆ ಮುಚ್ಚಿದ ಬಾಗಿಲ ಹೆದರಿಕೆ ಇನ್ನೂ ನನ್ನ ಮೈಮೇಲಿತ್ತು. ಬೇರೇನನ್ನಾದರೂ ಬರೆದರೆ ಒಳಗಿರುವವನನ್ನು ನಾನೇ ಹೊರಗೆ ಕರೆದಂತಾಗುತ್ತದೆ ಎಂಬಂಥ ಒಂದು ಅರ್ಥವಿಲ್ಲದ ಭಯ.

ಒಂದು ತಿಂಗಳ ಮೇಲೆ ಮದರಾಸಿನಿಂದ ಪರ್ಸನೆಲ್ ಆಫೀಸರು ಬಂದರು. ಇಂಗ್ಲೆಂಡಿನವರೇ, ಮೂವತ್ತು ದಾಟಿದ ಆಸಾಮಿ, ಬಿಸಿಲಿಗೆ ಮುಖ ಕೆಂಪಗಾಗಿತ್ತು. ಒಬ್ಬೊಬ್ಬ ಸೇಲ್ಸ್‌ಮನ್ನನ್ನೂ ಕೂರಿಸಿಕೊಂಡು, ಮೇಜಿನ ಮೇಲೆ ಕಾರ್ಡು ಇಟ್ಟುಕೊಂಡು ಮಾತಾಡಿಸಿದರು. ಮಾತು ದಾಟಿಸುವವನು ನಾನು. ಇವನ ಸರದಿ ಬಂತು.

ಎಷ್ಟು ಜನ ಒಡಹುಟ್ಟಿದವರು ಎಂದು ಕೇಳಿದರು. ಊರಲ್ಲಿ ವಿಚಾರಿಸಿ ಬಂದು ತುಂಬೋಣವೆಂದು ನಾನು ಖಾಲಿ ಬಿಟ್ಟಿದ್ದ ಜಾಗ ಅದು, ಬಂದ ಮೇಲೆ ತುಂಬಲು ಕೈ ಬಂದಿರಲಿಲ್ಲ.

“ಒಬ್ಬ ತಮ್ಮ ಇದ್ದ. ಸತ್ತೋದ,” ಎಂದ ಸೇಲ್ಸ್‌ಮನ್.

ತಮ್ಮನ ಹೆಸರೇನು ಎಂದು ಅವರು ಕೇಳಿದರು. ನಾನು ದಾಟಿಸಿದೆ. ಅವನು ಬಾಯಿ ತೆರೆದ. ಹೆಸರು ಹೊರಡಲಿಲ್ಲ. ಮತ್ತೆ ಪ್ರಯತ್ನಿಸಿದ. ಕಣ್ಣಲ್ಲಿ ನೀರು ತುಂಬಿ ಕೆನ್ನೆಗಿಳಿಯಿತು. ಆ ಹೆಸರನ್ನು ಅವನು ವರ್ಷಗಳಿಂದ ಬಾಯಿಯಲ್ಲಿ ಆಡಿರಲಿಲ್ಲವೆಂದು ನನಗೆ ಆಮೇಲೆ ಹೊಳೆಯಿತು. ಆಫೀಸರು ಕೈಯೆತ್ತಿ ಸಾಕು ಎಂದರು. ತಮಗೂ ಒಬ್ಬ ಅಣ್ಣನಿದ್ದು ಯುದ್ಧದಲ್ಲಿ ಹೋದನೆಂದು, ಇವತ್ತಿಗೂ ಅವನ ಹೆಸರು ಹೇಳುವುದು ಕಷ್ಟವೆಂದು ಮೆಲ್ಲಗೆ ಹೇಳಿ, ಅದನ್ನು ಕನ್ನಡದಲ್ಲಿ ಹೇಳುವಂತೆ ನನಗೆ ಸನ್ನೆ ಮಾಡಿದರು. ಹೇಳಿದೆ. ಆಮೇಲೆ ಸ್ವಂತ ಲೇಖನಿ ತೆಗೆದು, ಖಾಲಿ ಬಿಟ್ಟಿದ್ದ ಜಾಗದಲ್ಲಿ ಚೆಂದದ ಅಕ್ಷರದಲ್ಲಿ ಬರೆದರು: ಒಬ್ಬ ತಮ್ಮ, ಮೃತ. ಒಳ್ಳೆಯ ಮನುಷ್ಯರು. ಎದುರಿಗೆ ಕೂತವನು ತನ್ನ ಸಾವನ್ನು ಅವರು ಬರೆಯುವುದನ್ನು ತಲೆಕೆಳಗಾಗಿ ಓದುತ್ತಿದ್ದ. ಅಷ್ಟು ಇಂಗ್ಲಿಷು ಅವನಿಗೆ ಬರುತ್ತಿತ್ತು.

ಅವನ ಕೆಲಸ ಖಾಯಂ ಆಯಿತು. ಮದುವೆಯಾದ. ಗೌರಿಬಿದನೂರಿನಲ್ಲಿ ಮನೆ ಮಾಡಿ ತಾಯಿಯನ್ನೂ ಕರೆಸಿಕೊಂಡ. ಗಂಡು ಮಗು ಹುಟ್ಟಿತು. ನಾಮಕರಣಕ್ಕೆ ನನ್ನನ್ನೂ ಕರೆದಿದ್ದ. ಅಜ್ಜಿ ಮಗುವನ್ನು ತೊಡೆಯ ಮೇಲೆ ಹಾಕಿಕೊಂಡು, “ನನ್ನ ಚಿಕ್ಕೋನು ವಾಪಸ್ ಬಂದ,” ಎಂದು ಕಿವಿಯಲ್ಲಿ ಮೂರು ಸಲ ಆ ಚಿಕ್ಕವನ ಹೆಸರನ್ನೇ ಕೂಗಿದರು. ತೀರಿಹೋದವರ ಹೆಸರನ್ನು ಮಗುವಿಗೆ ಇಡುವುದು ನಮ್ಮಲ್ಲಿ ಎಲ್ಲೆಲ್ಲೂ ಇದೆ. ನಾನು ಸೇಲ್ಸ್‌ಮನ್ನನ ಕಡೆ ನೋಡಿದೆ. ಅಜ್ಜಿ ಕೂಗಿದ ಮೂರು ಸಲವೂ ಅವನ ಮೈ ಸಣ್ಣಗೆ ಅದುರಿತು. ನಾಲ್ಕನೇ ಸಲ, ಹೆಂಡತಿ ಮಗುವನ್ನು ಎತ್ತಿಕೊಂಡು ಕರೆದಾಗ, ಅದುರಲಿಲ್ಲ.

ಐದಾರು ವರ್ಷಗಳ ಮೇಲೆ ತಾಯಿ ತೀರಿಕೊಂಡರು. ಹದಿನೈದು ದಿನ ಬಿಟ್ಟು ಅವನು ಬೋಳಿಸಿದ ತಲೆಯಲ್ಲಿ ಡಿಪೋಗೆ ಬಂದ. ಮಧ್ಯಾಹ್ನ, ನಾನೊಬ್ಬನೇ ಇದ್ದೆ. ಅವನ ಕೈಯಲ್ಲಿ ಒಂದು ಅರ್ಜಿಯಿತ್ತು. ದಾಖಲೆಗಳಲ್ಲಿ ತನ್ನ ಹೆಸರನ್ನು ತಿದ್ದಬೇಕೆಂಬ ಅರ್ಜಿ.

“ಕೊನೇ ದಿನ ಚಿಕ್ಕೋನೇ, ಚಿಕ್ಕೋನೇ ಅಂತ ಕರೆದ್ಲು ಸಾರ್. ನಾನು ಓಡಿಹೋಗಿ ಕೈ ಹಿಡ್ಕೊಂಡೆ. ಬಂದೆ ಅಮ್ಮ, ನಾನೇ ಅಂದೆ.” ಅವನು ಬೋಳು ತಲೆ ಸವರಿಕೊಂಡ. “ನೀನಲ್ಲ ಕಣಪ್ಪ, ಮಗೂನ ಕರ್ಕೊಂಡ್ ಬಾ ಅಂದ್ಲು.”

ಅರ್ಜಿಯನ್ನು ನಾನು ಎರಡು ಸಲ ಓದಿದೆ. ಅದು ಮದರಾಸಿಗೆ ಹೋದರೆ ಸುಳ್ಳು ಹೆಸರಿನಲ್ಲಿ ಸೇರಿದ್ದಕ್ಕೆ ಅವನ ಕೆಲಸ ಹೋಗುತ್ತದೆ. ಸುಳ್ಳು ವರದಿ ಕೊಟ್ಟಿದ್ದಕ್ಕೆ ನನ್ನದೂ ಹೋಗುತ್ತದೆ. ಎರಡನ್ನೂ ಹೇಳಿದೆ, ಮೊದಲನೆಯದನ್ನು ಜೋರಾಗಿ, ಎರಡನೆಯದನ್ನು ಮೆತ್ತಗೆ. ನನಗೂ ಆಗ ಇಬ್ಬರು ಮಕ್ಕಳು.

“ಹಂಗಾದ್ರೆ ಬೇಡ ಬಿಡಿ ಸಾರ್,” ಎಂದ. ಕಾಗದವನ್ನು ನನ್ನ ಕೈಯಿಂದ ತೆಗೆದುಕೊಂಡು, ಮಡಿಸಿ, ಜೇಬಿಗಿಟ್ಟುಕೊಂಡು ಹೋದ. ಮತ್ತೆ ಆ ಮಾತೆತ್ತಲಿಲ್ಲ. ಅವನು ಇನ್ನೊಮ್ಮೆ ಕೇಳಿದ್ದರೆ ಬೇರೆ ಉತ್ತರ ಕೊಡುತ್ತಿದ್ದೆನೇ ಎಂದು ಬಹಳ ಸಲ ಯೋಚಿಸಿದ್ದೇನೆ. ಕೊಡುತ್ತಿರಲಿಲ್ಲ.

ಅರವತ್ತರ ದಶಕ ಮುಗಿಯುವ ಹೊತ್ತಿಗೆ ಎಲ್ಲ ಊರುಗಳಲ್ಲೂ ಅಂಗಡಿಯವರೇ ಟೀ ಪುಡಿ ಮಾರತೊಡಗಿದ್ದರು. ಕೈಗಾಡಿಗಳು ಬೇಡವಾದವು, ಕಂಪನಿ ನಮ್ಮ ಡಿಪೋ ಮುಚ್ಚಿತು. ಎಲ್ಲರ ಸೇವಾ ಪತ್ರಗಳನ್ನೂ ನಾನೇ ಟೈಪು ಮಾಡಿದೆ. ಕೊನೆಯ ದಿನ ಇವನು ಗೌರಿಬಿದನೂರಿನಿಂದ ಬಂದು, ನನ್ನ ಮೇಜಿಗೆ ಬೆನ್ನು ಹಾಕಿ, ಕಿಟಕಿಯಾಚೆ ಖಾಲಿ ಗೋದಾಮನ್ನು ನೋಡುತ್ತಾ ನಿಂತಿದ್ದ. ಇನ್ನು ಕಂಪನಿಯೂ ಇಲ್ಲ, ತಾಯಿಯೂ ಇಲ್ಲ, ಹೆದರುವುದು ಯಾರಿಗೆ ಎಂದುಕೊಂಡೆ. ಇಷ್ಟು ವರ್ಷದಲ್ಲಿ ಒಮ್ಮೆಯಾದರೂ ಅವನನ್ನು ಅವನ ಹೆಸರಿನಿಂದ ಕರೆಯಬೇಕು ಅನ್ನಿಸಿತು. ಹುಣಸೆ ಮರದ ಕೆಳಗೆ ಅವನು ಹೇಳಲಾರದೆ ನನ್ನ ಬಸ್ ಟಿಕೀಟಿನ ಹಿಂದೆ ಬರೆದು ತೋರಿಸಿದ್ದ ಹೆಸರು. ಕರೆದೆ.

ಅವನು ತಿರುಗಿದ. ನನ್ನನ್ನು ನೋಡಲಿಲ್ಲ, ಬಾಗಿಲ ಕಡೆ ನೋಡಿದ.

“ಅವ್ನು ಸ್ಕೂಲಿಗೆ ಹೋಗವ್ನೆ ಸಾರ್. ಯಾಕೆ, ಏನಾದ್ರೂ ಬೇಕಿತ್ತಾ?”

ಏನಿಲ್ಲ, ಚೆನ್ನಾಗಿ ಓದುತ್ತಾನೋ ಎಂದು ಕೇಳಿದೆ. “ಓದ್ತಾನೆ,” ಎಂದು ನಕ್ಕ. ಅಷ್ಟು ನಿರಾಳವಾಗಿ ಅವನು ನಕ್ಕಿದ್ದನ್ನು ನಾನು ಕಂಡದ್ದು ಅದೊಂದೇ ಸಲ. ಸೇವಾ ಪತ್ರ ತೆಗೆದುಕೊಂಡು, “ಬರ್ತೀನಿ ಸಾರ್,” ಎಂದು ಮೆಟ್ಟಿಲಿಳಿದ. ನಾನು ಆ ಖಾಲಿ ಡಿಪೋದಲ್ಲಿ ಒಬ್ಬನೇ ಕೂರಲಾರದೆ, ಬೀಗ ಹಾಕುವ ಹೊತ್ತಿಗಿಂತ ಮುಂಚೆಯೇ ಬೀಗ ಹಾಕಿ ಹೊರಟೆ.

ಆಮೇಲೆ ನಾನು ಚಿಂತಾಮಣಿಯ ಒಂದು ಸಹಕಾರ ಸಂಘದಲ್ಲಿ ಕೆಲಸ ಹಿಡಿದೆ. ಅವನು ಮಂಚೇನಹಳ್ಳಿಯಲ್ಲಿ ಕಿರಾಣಿ ಅಂಗಡಿ ಇಟ್ಟನೆಂದು, ಚೆನ್ನಾಗಿ ನಡೆಯುತ್ತಿದೆಯೆಂದು ಯಾರೋ ಹೇಳಿದರು. ಒಂದೆರಡು ಸಲ ಆ ದಾರಿಯಲ್ಲಿ ಹೋಗಿದ್ದೇನೆ. ಬಸ್ಸು ಅಲ್ಲಿ ಸ್ವಲ್ಪ ಹೊತ್ತು ನಿಲ್ಲುತ್ತದೆ, ಜನ ಇಳಿದು ನೀರು ಕುಡಿದು ಬರುತ್ತಾರೆ. ನಾನು ಇಳಿಯಲಿಲ್ಲ.